ಕುಸಾಮಾ ಅವರ ಕುಂಬಳಕಾಯಿ: ಚುಕ್ಕಿ ಉಬ್ಬಿಸುತ್ತದೆ, ಬಲೆ ನುಂಗುತ್ತದೆ

ಒಂದು ಬಿಳಿ ಹಾಳೆ, ಒಂದು ಕಪ್ಪು ಸ್ಕೆಚ್ ಪೆನ್ ತೆಗೆದುಕೊಳ್ಳಿ. ಪಕ್ಕಪಕ್ಕದಲ್ಲಿ ಎರಡು ಕುಂಬಳಕಾಯಿ ಬರೆಯಿರಿ. ಚಿತ್ರ ಬರೆಯೋಕೆ ಬರಲ್ಲ ಅನ್ನಬೇಡಿ. ಅದುಮಿದ ಚೆಂಡಿನಂಥ ಆಕಾರ, ಮೇಲೊಂದು ತೊಟ್ಟು, ತೊಟ್ಟಿನಿಂದ ಬುಡದವರೆಗೆ ಬಿಲ್ಲಿನಂತೆ ಬಾಗಿದ ನಾಲ್ಕೈದು ಗೆರೆ. ಅಷ್ಟು ಸಾಕು. ಈಗ ಮೊದಲ ಕಾಯಿಯ ಮೈತುಂಬ ಒಂದೇ ಅಳತೆಯ ಚುಕ್ಕಿ ಇಡಿ. ಎರಡನೆಯದಕ್ಕೆ ಸ್ವಲ್ಪ ತಾಳ್ಮೆ ಬೇಕು. ಎರಡು ಗೆರೆಗಳ ನಡುವಿನ ಪ್ರತಿ ಪಟ್ಟಿಯಲ್ಲೂ ಮಧ್ಯಕ್ಕೆ ದಪ್ಪ ಚುಕ್ಕಿಗಳ ಸಾಲು ಇಡಿ. ಅದರ ಆಚೀಚೆ ಸ್ವಲ್ಪ ಸಣ್ಣವು. ಗೆರೆಯ ಹತ್ತಿರ ಬಂದ ಹಾಗೆ ಸಾಸಿವೆ ಕಾಳಿನಷ್ಟು. ತೊಟ್ಟಿನ ಕಡೆಗೂ ಬುಡದ ಕಡೆಗೂ ಹೋಗುತ್ತ ಚುಕ್ಕಿ ಕಿರಿದಾಗುತ್ತ ಹೋಗಲಿ.

ಹಾಳೆಯನ್ನು ಗೋಡೆಗೆ ಒರಗಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿ. ಮೊದಲನೆಯದು ಚುಕ್ಕಿ ಬಟ್ಟೆಯಿಂದ ಕತ್ತರಿಸಿ ಅಂಟಿಸಿದ ತುಂಡಿನ ಹಾಗೆ ಕಾಣುತ್ತದೆ. ಎರಡನೆಯದು ಹಾಳೆ ಬಿಟ್ಟು ಮುಂದೆ ಬಂದಿರುತ್ತದೆ. ಪ್ರತಿ ಪಟ್ಟಿಯೂ ಉಬ್ಬಿದೆ, ಪ್ರತಿ ಗೆರೆಯೂ ಒಳಗೆ ಇಳಿದಿದೆ. ನೀವು ನೆರಳು ಹಾಕಿಲ್ಲ. ಬಣ್ಣ ತಿದ್ದಿಲ್ಲ. ಬರೀ ಚುಕ್ಕಿಯ ಅಳತೆ ಬದಲಿಸಿದ್ದೀರಿ.

ಈ ಎರಡನೆಯ ಕುಂಬಳಕಾಯಿಯನ್ನು ಜಗತ್ತಿಗೆಲ್ಲ ಪರಿಚಯ ಮಾಡಿಸಿದವರು ಯಾಯೋಯಿ ಕುಸಾಮಾ. 1929ರಲ್ಲಿ ಜಪಾನಿನ ಮತ್ಸುಮೊಟೊದಲ್ಲಿ ಹುಟ್ಟಿದ ಕಲಾವಿದೆ. ಹಳದಿ ಮೈ, ಕಪ್ಪು ಚುಕ್ಕಿಗಳ ಅವರ ಕುಂಬಳಕಾಯಿಯನ್ನು ನೀವೂ ಎಲ್ಲೋ ನೋಡಿರುತ್ತೀರಿ. ಯಾರದೋ ಫೋನಿನ ಕವರ್ ಮೇಲೆ, ಇನ್ಯಾರದೋ ಪ್ರವಾಸದ ಫೋಟೊದಲ್ಲಿ. ಅವರ ಬಗ್ಗೆ ಬರುವ ಬರಹಗಳಲ್ಲಿ ಬಹುಪಾಲು ಒಂದೇ ಕತೆ ಇರುತ್ತದೆ. ಚಿಕ್ಕಂದಿನಲ್ಲಿ ಭ್ರಮೆಗಳು ಕಾಡಿದವು, ಎಲ್ಲೆಲ್ಲೂ ಚುಕ್ಕಿ ಕಂಡವು, ಕಂಡದ್ದನ್ನು ಬರೆದರು ಅಂತ. ಕತೆ ಸುಳ್ಳಲ್ಲ, ಕುಸಾಮಾ ಅವರೇ ಹೇಳಿಕೊಂಡದ್ದು. ಆದರೆ ಚಿತ್ರ ಯಾಕೆ ಹಾಗೆ ಕಾಣುತ್ತದೆ ಅನ್ನುವುದಕ್ಕೆ ಅದು ಉತ್ತರವಲ್ಲ. ಜ್ವರ ಬಂದವರೆಲ್ಲ ಜ್ವರದ ಮೇಲೆ ಒಳ್ಳೆಯ ಪದ್ಯ ಬರೆಯುವುದಿಲ್ಲ, ಅಲ್ವಾ? ಹಾಗಾಗಿ ಆ ಕತೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಚುಕ್ಕಿಗಳನ್ನೇ ನೋಡೋಣ.

ಅದಕ್ಕೂ ಮೊದಲು ಕಾಯಿಯ ವಿಷಯ. ಇದು ನಾವು ಆಯುಧಪೂಜೆಗೆ ಗಾಡಿ ಮುಂದೆ ಒಡೆಯುವ ಬೂದುಗುಂಬಳ ಅಲ್ಲ, ಸಿಹಿಗುಂಬಳದ ಜಾತಿ. ಜಪಾನಿನಲ್ಲಿ ಕಬೋಚಾ ಅನ್ನುತ್ತಾರೆ. 16ನೇ ಶತಮಾನದಲ್ಲಿ ಪೋರ್ಚುಗೀಸರು ಹಡಗಿನಲ್ಲಿ ತಂದ ತರಕಾರಿ. ಕಾಂಬೋಡಿಯಾ ಕಡೆಯಿಂದ ಬಂದದ್ದಕ್ಕೆ ಆ ದೇಶದ ಹೆಸರೇ ಬಾಯಿಂದ ಬಾಯಿಗೆ ತಿರುಚಿಕೊಂಡು ಕಬೋಚಾ ಆಯಿತು ಎನ್ನುತ್ತಾರೆ. ಅಲ್ಲಿನ ಅಂಗಡಿಗಳಲ್ಲಿ ಸಿಗುವ ಕಬೋಚಾದ ಸಿಪ್ಪೆ ಹೆಚ್ಚಾಗಿ ಕಡುಹಸಿರು. ಕೊಯ್ದರೆ ಒಳಗೆ ಹಳದಿ. ಕುಸಾಮಾ ಅವರ ಕಾಯಿ ಹೊರಗೇ ಹಳದಿ, ಕೆಲವೊಮ್ಮೆ ಕೆಂಪು. ಅಂದರೆ ಕಂಡದ್ದನ್ನು ಕಂಡ ಹಾಗೆ ಬರೆಯುವ ಉದ್ದೇಶ ಮೊದಲೇ ಇಲ್ಲ.

ಅವರ ಮನೆತನದ ಕಸುಬು ಬೀಜ ಮತ್ತು ಸಸಿ ಮಾರುವುದು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅಜ್ಜನ ಜೊತೆ ಬೀಜದ ತೋಟಕ್ಕೆ ಹೋದಾಗ ಮನುಷ್ಯನ ತಲೆ ಗಾತ್ರದ ಕುಂಬಳಕಾಯಿ ಕಂಡಿತು, ಅದು ತಮ್ಮ ಜೊತೆ ಮಾತಾಡಿತು ಎಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಯುದ್ಧದ ವರ್ಷಗಳಲ್ಲಿ ಮನೆಯ ಉಗ್ರಾಣದ ತುಂಬ ಅದೇ ಕಾಯಿ. ತಿಂದು ತಿಂದು ಓಕರಿಕೆ ಬರುವಷ್ಟು. ಜಪಾನಿನಲ್ಲಿ ಅಂದವಿಲ್ಲದ ದುಂಡು ಮುಖವನ್ನು ಕುಂಬಳಕಾಯಿಗೆ ಕಣ್ಣು ಮೂಗು ಇಟ್ಟ ಹಾಗಿದೆ ಎಂದು ಆಡಿಕೊಳ್ಳುವ ಮಾತೂ ಇದೆ. ಕುಸಾಮಾ ಅವರಿಗೆ ಹಿಡಿಸಿದ್ದು ಅದೇ. ಹೊಟ್ಟೆ ಬಿಟ್ಟುಕೊಂಡು, ಯಾವ ಹಮ್ಮೂ ಇಲ್ಲದೆ ಕೂತಿರುವ ಆ ರೀತಿ. 1948ರಲ್ಲಿ ಕ್ಯೋಟೊಗೆ ಹೋಗಿ ನಿಹೊಂಗಾ, ಅಂದರೆ ಜಪಾನಿನ ಸಾಂಪ್ರದಾಯಿಕ ಚಿತ್ರಕಲೆ ಕಲಿಯಲು ಸೇರಿದರು. ಆ ಶಾಲೆಯ ಗುರು-ಶಿಷ್ಯ ಶಿಸ್ತು ಅವರಿಗೆ ಒಗ್ಗಲಿಲ್ಲ. ಆದರೆ ಅಲ್ಲಿದ್ದಾಗ ಒಂದೇ ಕುಂಬಳಕಾಯಿಯ ಮುಂದೆ ಒಂದು ತಿಂಗಳವರೆಗೂ ಕೂತು ಬರೆದದ್ದನ್ನು ನೆನಪಿಸಿಕೊಂಡಿದ್ದಾರೆ. ಮುಂದೆ ದಶಕಗಟ್ಟಲೆ ಬರೆದ ಕಾಯಿಯ ಉಬ್ಬು ತಗ್ಗು ಎಲ್ಲೆಲ್ಲಿ ಎಂದು ಕೈಗೆ ಗೊತ್ತಾದದ್ದು ಆಗಲೇ ಇರಬೇಕು.

ಈಗ ಚುಕ್ಕಿಗೆ ಬರೋಣ. ಅಳತೆ ಬದಲಿಸಿದರೆ ಕಣ್ಣು ಯಾಕೆ ಮೋಸ ಹೋಗುತ್ತದೆ?

ಕಟಾವಿಗೆ ಬಂದ ರಾಗಿ ಹೊಲದ ಬದುವಿನ ಮೇಲೆ ನಿಂತುಕೊಳ್ಳಿ. ಕಾಲ ಬುಡದಲ್ಲಿ ಒಂದೊಂದು ತೆನೆಯೂ ಬಿಡಿಬಿಡಿಯಾಗಿ ದೊಡ್ಡದಾಗಿ ಕಾಣುತ್ತದೆ. ದೂರ ಹೋದಂತೆ ತೆನೆಗಳು ಕಿರಿದಾಗಿ, ಒತ್ತೊತ್ತಾಗಿ, ಕೊನೆಗೆ ಒಂದೇ ಕಂದು ಬಣ್ಣವಾಗುತ್ತವೆ. ತೆನೆಗಳೆಲ್ಲ ಹೆಚ್ಚು ಕಡಿಮೆ ಒಂದೇ ಅಳತೆಯವು ಎಂದು ನಮ್ಮ ತಲೆಗೆ ಗೊತ್ತು. ಆದ್ದರಿಂದ ಸಣ್ಣದಾಗಿ ಕಂಡದ್ದು ದೂರ ಇದೆ ಎಂದು ಅದು ತಾನಾಗಿಯೇ ಲೆಕ್ಕ ಹಾಕುತ್ತದೆ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್ 1950ರಲ್ಲಿ ಇದನ್ನು ವಿವರವಾಗಿ ಬರೆದರು. ನೆಲದ ಮೇಲೋ ಗೋಡೆಯ ಮೇಲೋ ಒಂದೇ ಬಗೆಯ ಗುರುತು ಮತ್ತೆ ಮತ್ತೆ ಬಂದಾಗ, ಆ ಗುರುತು ಎಷ್ಟು ಬೇಗ ಕಿರಿದಾಗುತ್ತದೆ ಅನ್ನುವುದೇ ಕಣ್ಣಿಗೆ ಅಳತೆಗೋಲು. ನಿಧಾನವಾಗಿ ಕಿರಿದಾದರೆ ಮಟ್ಟಸವಾದ ನೆಲ ದೂರಕ್ಕೆ ಹಬ್ಬಿದೆ. ಗಬಕ್ಕನೆ ಕಿರಿದಾದರೆ ಮೈ ಬಾಗಿ ಹಿಂದಕ್ಕೆ ತಿರುಗಿದೆ.

ಕುಸಾಮಾ ಅವರ ಕಾಯಿಯಲ್ಲಿ ಆಗುವುದು ಈ ಗಬಕ್ಕನೆ ಕಿರಿದಾಗುವ ಆಟ. ಒಂದು ಉಬ್ಬಿನ ನೆತ್ತಿಯಲ್ಲಿ ನಾಣ್ಯದಷ್ಟಿದ್ದ ಚುಕ್ಕಿ ಎರಡು ಮೂರು ಹೆಜ್ಜೆಯಲ್ಲೇ ಸಾಸಿವೆಯಾಗುತ್ತದೆ. ಮುಂದಿನ ಉಬ್ಬಿನಲ್ಲಿ ಮತ್ತೆ ನಾಣ್ಯ. ಮತ್ತೆ ಸಾಸಿವೆ. ಹೀಗೆ ಉಬ್ಬು, ತಗ್ಗು, ಉಬ್ಬು, ತಗ್ಗು ಎಂದು ಕಣ್ಣು ಓದಿಕೊಂಡು ಹೋಗುತ್ತದೆ. ನೆರಳಿನ ಕೆಲಸವನ್ನು ಚುಕ್ಕಿಯೇ ಮಾಡಿಬಿಟ್ಟಿತು.

ಆದರೆ ಅವರು ಒಂದು ಕಡೆ ಬೇಕೆಂದೇ ನಿಯಮ ಮುರಿಯುತ್ತಾರೆ, ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅದು. ನಿಜವಾದ ಚೆಂಡಿನ ಮೇಲೆ ಸ್ಟಿಕರ್ ಬಿಂದಿ ಅಂಟಿಸಿ ನೋಡಿ. ಎದುರಿಗಿರುವ ಬಿಂದಿ ದುಂಡಗಿರುತ್ತದೆ. ಅಂಚಿನ ಬಿಂದಿ ಓರೆಯಾಗಿ, ಮೊಟ್ಟೆಯ ಹಾಗೆ ಉದ್ದುದ್ದ ಕಾಣುತ್ತದೆ. ಸರಿಯಾಗಿ ನೆರಳು-ಬೆಳಕು ಕಲಿತ ಚಿತ್ರಕಾರ ಅಂಚಿನ ಚುಕ್ಕಿಗಳನ್ನು ಹಾಗೆ ಉದ್ದ ಮಾಡುತ್ತಾನೆ. ಕುಸಾಮಾ ಅವರ ಚಿತ್ರಗಳಲ್ಲಿ ಚುಕ್ಕಿ ಸಣ್ಣದಾಗುತ್ತದೆಯೇ ಹೊರತು ಬಹುಮಟ್ಟಿಗೆ ದುಂಡಗೇ ಉಳಿಯುತ್ತದೆ. ಇದರಿಂದ ಒಂದು ಜಗಳ ಹುಟ್ಟುತ್ತದೆ. ಒಂದೊಂದು ಚುಕ್ಕಿಯೂ "ನಾನು ಕ್ಯಾನ್ವಾಸ್ ಮೇಲಿದ್ದೇನೆ" ಅನ್ನುತ್ತದೆ. ಚುಕ್ಕಿಗಳ ಸಾಲು "ನಾವು ಕಾಯಿಯ ಮೇಲಿದ್ದೇವೆ" ಅನ್ನುತ್ತದೆ. ಎರಡೂ ಸರಿ. ಕಣ್ಣು ಒಂದು ಕಡೆ ನಿಲ್ಲಲಾರದೆ ಓಡಾಡುತ್ತದೆ. ಅವರ ಚಿತ್ರದ ಮುಂದೆ ನಿಂತವರು ಅದು ಮಿಡಿಯುತ್ತದೆ, ಅಲುಗಾಡುತ್ತದೆ ಅನ್ನುತ್ತಾರಲ್ಲ, ಅದಕ್ಕೆ ಒಂದು ಕಾರಣ ಈ ಜಗಳ. ಇನ್ನೊಂದು ಕಾರಣ ಬಣ್ಣ. ಹಳದಿ-ಕಪ್ಪು ಜೋಡಿಯಷ್ಟು ಕಣ್ಣಿಗೆ ಹೊಡೆಯುವ ಜೋಡಿ ಕಡಿಮೆ. ರಸ್ತೆಯ ಎಚ್ಚರಿಕೆ ಫಲಕಗಳಿಗೆ ಅದನ್ನು ಸುಮ್ನೆ ಆರಿಸಿಲ್ಲ.

ನಮ್ಮ ಚುಕ್ಕಿ ರಂಗೋಲಿ ಬಿಟ್ಟವರಿಗೆ ಇಲ್ಲಿ ಎಲ್ಲ ತಿರುಗುಮುರುಗು ಅನ್ನಿಸಬಹುದು. ರಂಗೋಲಿಯಲ್ಲಿ ಮೊದಲು ಚುಕ್ಕಿ, ಆಮೇಲೆ ಎಳೆ. ಚುಕ್ಕಿಗಳೆಲ್ಲ ಸಮ ಅಂತರದಲ್ಲಿರಬೇಕು, ಒಂದು ತಪ್ಪಿದರೆ ಎಳೆ ಕೂಡುವುದಿಲ್ಲ. ಅಲ್ಲಿ ಚುಕ್ಕಿ ದಾರಿ ತೋರಿಸುವ ಗುರುತು ಮಾತ್ರ. ಇಲ್ಲಿ ಚುಕ್ಕಿಯೇ ಮೈ.

ಕಾಯಿಯ ಹಿಂದೆ ಏನಿದೆ ಎಂದು ಬಹಳ ಜನ ಗಮನಿಸುವುದೇ ಇಲ್ಲ. ಅಲ್ಲಿ ಬಲೆ ಇದೆ. ಒಣಗಿದ ಕೆರೆಯ ತಳ ಬಿರುಕು ಬಿಟ್ಟ ಹಾಗೆ, ಸಣ್ಣ ಸಣ್ಣ ಮೂಲೆಯ ತುಂಡುಗಳು, ನಡುವೆ ಎಳೆ. ಕ್ಯಾನ್ವಾಸಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹಬ್ಬಿರುತ್ತದೆ. ಈಗ ರಾಗಿ ಹೊಲದ ಲೆಕ್ಕವನ್ನೇ ಇಲ್ಲಿಗೂ ಹಾಕಿ. ಬಲೆಯ ಕಣ್ಣುಗಳು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಅಳತೆ. ಎಲ್ಲೂ ಕ್ರಮವಾಗಿ ಕಿರಿದಾಗುವುದಿಲ್ಲ. ಅಂದರೆ ದೂರ ಇಲ್ಲ, ಆಳ ಇಲ್ಲ. ಕಾಯಿಯ ಹಿಂದೆ ಕೋಣೆಯೂ ಇಲ್ಲ, ಆಕಾಶವೂ ಇಲ್ಲ. ಮುಂದೆ ಹೊಟ್ಟೆ ಉಬ್ಬಿಸಿಕೊಂಡು ಬರುವ ಕಾಯಿ, ಹಿಂದೆ ಎಲ್ಲಿಗೂ ಹೋಗಲು ಬಿಡದ ಬಲೆ.

ಈ ಬಲೆ ಕುಂಬಳಕಾಯಿಗಿಂತ ಮೊದಲು ಅವರಿಗೆ ಹೆಸರು ತಂದಿತ್ತು. 1957ರಲ್ಲಿ ಅಮೆರಿಕದ ಸಿಯಾಟಲ್‌ಗೆ ಹೋದ ಕುಸಾಮಾ ಮರುವರ್ಷ ನ್ಯೂಯಾರ್ಕ್ ಸೇರಿದರು. 1959ರ ಅಕ್ಟೋಬರ್‌ನಲ್ಲಿ ಅಲ್ಲಿನ ಬ್ರಾಟಾ ಗ್ಯಾಲರಿಯಲ್ಲಿ ದೊಡ್ಡ ದೊಡ್ಡ ಬಿಳಿ ಕ್ಯಾನ್ವಾಸ್‌ಗಳನ್ನು ತೂಗುಹಾಕಿದರು. ದೂರದಿಂದ ನೋಡಿದರೆ ಸುಣ್ಣ ಬಳಿದ ಗೋಡೆ. ಹತ್ತಿರ ಹೋದರೆ ಸಾವಿರಾರು ಸಣ್ಣ ಬಿಳಿ ಕೊಂಡಿಗಳು. ಮೊದಲು ಕ್ಯಾನ್ವಾಸಿಗೆಲ್ಲ ಒಂದು ಬಣ್ಣ ಬಳಿದು, ಅದರ ಮೇಲೆ ಕುಂಚದಿಂದ ಅರ್ಧಚಂದ್ರದಂಥ ಗೀಟು. ಪಕ್ಕದಲ್ಲಿ ಇನ್ನೊಂದು, ಮತ್ತೊಂದು. ನಡುವೆ ಉಳಿದ ತೂತಿನಲ್ಲಿ ತಳದ ಬಣ್ಣ ಇಣುಕುತ್ತದೆ. ಆಗ ನ್ಯೂಯಾರ್ಕ್‌ನಲ್ಲಿ ಮೆರೆಯುತ್ತಿದ್ದದ್ದು ಇಡೀ ತೋಳು ಬೀಸಿ ಬಣ್ಣ ಎರಚುವ ಗಂಡಸರ ಚಿತ್ರಗಳು. ಅಷ್ಟೇ ದೊಡ್ಡ ಕ್ಯಾನ್ವಾಸನ್ನು ಈ ಹೆಣ್ಣುಮಗಳು ಬರೀ ಮಣಿಕಟ್ಟು ತಿರುಗಿಸಿ ತುಂಬಿಸಿದರು. ಮುಂದೆ ತಾನೂ ದೊಡ್ಡ ಶಿಲ್ಪಿಯಾದ ಡೊನಾಲ್ಡ್ ಜಡ್ ಆಗ ವಿಮರ್ಶೆ ಬರೆಯುತ್ತಿದ್ದರು. ಮೆಚ್ಚಿ ಬರೆದರು, ಒಂದು ಚಿತ್ರ ಕೊಂಡುಕೊಂಡರು. 1961ರಲ್ಲಿ ಕುಸಾಮಾ ಸುಮಾರು 10 ಮೀಟರ್ ಉದ್ದದ ಬಲೆಯನ್ನೇ ಪ್ರದರ್ಶನಕ್ಕಿಟ್ಟರು.

ಬಲೆಗೂ ಚುಕ್ಕಿಗೂ ಏನು ಸಂಬಂಧ? ಅಡುಗೆಮನೆಯ ಜರಡಿ ಎತ್ತಿ ಬೆಳಕಿಗೆ ಹಿಡಿಯಿರಿ. ನೀವು ನೋಡುತ್ತಿರುವುದು ತಂತಿಯನ್ನೋ, ತೂತನ್ನೋ? ತಂತಿ ಎಂದುಕೊಂಡರೆ ಬಲೆ. ತೂತು ಎಂದುಕೊಂಡರೆ ಚುಕ್ಕಿಗಳ ಸಾಲು. ವಸ್ತು ಒಂದೇ. ಕುಸಾಮಾ ಅವರಿಗೆ ಬಲೆ ಮತ್ತು ಚುಕ್ಕಿ ಎರಡು ಬೇರೆ ಬೇರೆ ಅಲಂಕಾರಗಳಲ್ಲ. ಒಂದೇ ಜರಡಿಯ ಎರಡು ಮುಖ. ಕುಂಬಳಕಾಯಿ ಚಿತ್ರದಲ್ಲಿ ಅವೆರಡನ್ನೂ ಪಕ್ಕಪಕ್ಕ ಇಟ್ಟಿದ್ದಾರೆ. ಕಾಯಿಯ ಮೇಲೆ ಕಪ್ಪು ಚುಕ್ಕಿಗಳು ಮುಂದಾಗಿ ಹಳದಿ ಹಿಂದಾಗುತ್ತದೆ. ಹಿನ್ನೆಲೆಯಲ್ಲಿ ಹಳದಿ ಎಳೆ ಮುಂದಾಗಿ ಕಪ್ಪು ತೂತಾಗುವ ಚಿತ್ರಗಳು ಎಷ್ಟೋ ಇವೆ. ಎರಡೇ ಬಣ್ಣ, ಕೆಲಸ ಮಾತ್ರ ಅದಲುಬದಲು.

ಚುಕ್ಕಿ ಅನ್ನುವ ಮಾತು ಕನ್ನಡದಲ್ಲಿ ನಕ್ಷತ್ರಕ್ಕೂ ಇದೆ. ಜಪಾನಿಯಲ್ಲಿ ಈ ಚುಕ್ಕಿ ವಿನ್ಯಾಸಕ್ಕೆ ಮಿಜುತಾಮಾ ಅನ್ನುತ್ತಾರೆ, ಅಂದರೆ ನೀರಿನ ಹನಿ. ಕುಸಾಮಾ ಅವರ ಮಾತುಗಳನ್ನು ಓದಿದರೆ ಅವರ ಚುಕ್ಕಿ ನಮ್ಮ ಮಾತಿಗೇ ಹತ್ತಿರ ಅನ್ನಿಸುತ್ತದೆ. ಲೆಕ್ಕವಿಲ್ಲದ ನಕ್ಷತ್ರಗಳ ನಡುವೆ ನಮ್ಮ ಭೂಮಿಯೂ ಒಂದು ಚುಕ್ಕಿ ಎಂದು ಅವರು ಮತ್ತೆ ಮತ್ತೆ ಹೇಳಿದ್ದಾರೆ.

ಇನ್ನು ದಿನಬಳಕೆಯ ಸಾಮಾನುಗಳು. 1973ರಲ್ಲಿ ಕುಸಾಮಾ ಜಪಾನಿಗೆ ಮರಳಿದರು. ಆ ದಶಕದ ಕೊನೆಯಿಂದ ಮುದ್ರಣ ಕಲೆಗೆ ಕೈ ಹಾಕಿದರು. ರೇಷ್ಮೆ ಪರದೆಯಿಂದ ಮಾಡುವ ಸ್ಕ್ರೀನ್ ಪ್ರಿಂಟ್, ಕಲ್ಲಚ್ಚು, ಎಲ್ಲ. 1980ರ ದಶಕದ ಈ ಮುದ್ರಣಗಳಲ್ಲೂ ಚಿತ್ರಗಳಲ್ಲೂ ಕಾಫಿ ಕಪ್, ಟೋಪಿ, ಹೈ ಹೀಲ್ಸ್, ಉಡುಪು, ದ್ರಾಕ್ಷಿ, ಹಣ್ಣಿನ ಬುಟ್ಟಿ ಒಂದಾದ ಮೇಲೊಂದು ಬರುತ್ತವೆ. ಯಾರ ಮನೆಯಲ್ಲೂ ಇರುವಂಥವು. ಆದರೆ ಕಾಫಿ ಕಪ್ ಇರುವ ಮೇಜಿಗೆ ಕಾಲಿಲ್ಲ, ಕಪ್‌ಗೆ ನೆರಳಿಲ್ಲ, ಕೋಣೆಗೆ ಮೂಲೆಯಿಲ್ಲ. ಹಾಗಿದ್ದರೆ ಕಪ್ ಎಲ್ಲಿ ಮುಗಿದು ಮೇಜು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುವುದು ಹೇಗೆ? ವಿನ್ಯಾಸ ಬದಲಾಗುವುದರಿಂದ. ಇಲ್ಲಿಯವರೆಗೆ ಚುಕ್ಕಿ, ಇಲ್ಲಿಂದ ಬಲೆ. ಚುಕ್ಕಿ ನಿಂತ ಕಡೆ ವಸ್ತು ಮುಗಿಯಿತು. ಹೊಲಗಳ ನಡುವೆ ಬದು ಇಲ್ಲದಿದ್ದರೂ ಒಂದರಲ್ಲಿ ಜೋಳ ಇನ್ನೊಂದರಲ್ಲಿ ಕಡಲೆ ಇದ್ದರೆ ಗಡಿ ಕಾಣುತ್ತದಲ್ಲ, ಹಾಗೆ.

ಇದು ಪೂರ್ತಿ ಹೊಸ ಉಪಾಯ ಏನಲ್ಲ. ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳನ್ನು ನೋಡಿ. ಹೆಂಗಸರ ಕಿಮೊನೊ ಮಡಿಕೆ ಮಡಿಕೆಯಾಗಿ ಇಳಿದಿರುತ್ತದೆ. ಆದರೆ ಅದರ ಮೇಲಿನ ಹೂವು, ಅಲೆ, ಚೌಕಳಿ ಎಷ್ಟೋ ಸಲ ಮಡಿಕೆಗೆ ಕ್ಯಾರೇ ಅನ್ನದೆ ಚಪ್ಪಟೆಯಾಗಿ ಹಬ್ಬಿರುತ್ತವೆ. ಅಲ್ಲಿಯೂ ನೆರಳು ಕಡಿಮೆ. ಬಟ್ಟೆಯಿಂದ ಬಟ್ಟೆಯನ್ನು ಬೇರೆ ಮಾಡುವುದು ವಿನ್ಯಾಸವೇ. ಎಡೊ ಕಾಲದ, ಅಂದರೆ 17ರಿಂದ 19ನೇ ಶತಮಾನದ, ಸಮುರಾಯ್ ಯೋಧರ ಉಡುಪಿನಲ್ಲಿ ಕೊಮೊನ್ ಎಂಬ ಸಣ್ಣ ಚುಕ್ಕಿಗಳ ಕೆಲಸ ಇರುತ್ತಿತ್ತು. ಕೊರೆದ ಕಾಗದದ ಅಚ್ಚಿನಿಂದ ಬಟ್ಟೆಗೆ ಬಣ್ಣ ಹಾಕುವುದು. ದೂರದಿಂದ ಒಂದೇ ಬಣ್ಣದ ಸಾದಾ ಬಟ್ಟೆ, ಹತ್ತಿರ ಬಂದರೆ ಚುಕ್ಕಿಯ ಜಾತ್ರೆ. ನ್ಯೂಯಾರ್ಕಿನ ಬಿಳಿ ಬಲೆಗಳೂ ಹೀಗೇ ಅಲ್ವಾ? ಕುಸಾಮಾ ಅಲ್ಲಿಂದ ಸಾಲ ತಂದರು ಅಂತ ನಾನು ಹೇಳುತ್ತಿಲ್ಲ. ಇಂಥ ಬಟ್ಟೆ, ಇಂಥ ಅಚ್ಚುಗಳ ನಡುವೆ ಬೆಳೆದ ಕಣ್ಣಿಗೆ ವಿನ್ಯಾಸ ಎಂದರೆ ಮೇಲಿಂದ ಮೆತ್ತುವ ಅಲಂಕಾರ ಅಲ್ಲ ಎಂದು ಬೇರೆಯಾಗಿ ಕಲಿಸಬೇಕಾಗಿರಲಿಲ್ಲ, ಅಷ್ಟೆ.

ಸ್ಕ್ರೀನ್ ಪ್ರಿಂಟ್ ಈ ಬಗೆಯ ಚಿತ್ರಕ್ಕೆ ಹೇಳಿ ಮಾಡಿಸಿದ ವಿಧಾನ. ಒಂದೊಂದು ಬಣ್ಣಕ್ಕೆ ಒಂದೊಂದು ಪರದೆ. ಬಣ್ಣ ಸಮತಟ್ಟಾಗಿ ಬೀಳುತ್ತದೆ. ಬಣ್ಣದೊಳಗೆ ಬಣ್ಣ ಕರಗಿಸಿ ನೆರಳು ತರುವುದು ಅಲ್ಲಿ ಕಷ್ಟ. ಮದುವೆ ಕಾರ್ಡ್ ಅಚ್ಚು ಹಾಕಿಸಿದವರಿಗೆ ಗೊತ್ತು.

ಈಗ ಪಕ್ಕಕ್ಕಿಟ್ಟಿದ್ದ ಆ ಭ್ರಮೆಯ ಕತೆಯನ್ನು ಹೇಳಬಹುದು. ಚಿಕ್ಕವರಿದ್ದಾಗ ಒಂದು ದಿನ ಮೇಜಿನ ಮೇಲೆ ಹಾಸಿದ ಬಟ್ಟೆಯ ಕೆಂಪು ಹೂವುಗಳನ್ನು ನೋಡುತ್ತ ಕೂತಿದ್ದರಂತೆ. ತಲೆ ಎತ್ತಿದರೆ ಮೇಲಿನ ಸೂರಿನ ಮೇಲೂ ಅದೇ ಹೂವು. ಕಿಟಕಿ, ಕಂಬ, ಗೋಡೆ, ಕೊನೆಗೆ ತಮ್ಮ ಮೈಮೇಲೂ. ತಾನು ಎನ್ನುವುದೇ ಅಳಿಸಿಹೋಗುತ್ತಿದೆ ಎಂದು ಹೆದರಿ ಮೆಟ್ಟಿಲು ಹತ್ತಿ ಓಡಿದರು. ಇದರಲ್ಲಿ ಗಮನಿಸಬೇಕಾದದ್ದು ಹೂವು ಅಲ್ಲ. ಹೂವು ತನ್ನ ಗಡಿ ದಾಟಿತು ಅನ್ನುವುದು. ಮೇಜುಬಟ್ಟೆಯ ಅಂಚಿನಲ್ಲಿ ನಿಲ್ಲಬೇಕಾದ ವಿನ್ಯಾಸ ನಿಲ್ಲಲಿಲ್ಲ. ವಿನ್ಯಾಸ ವಸ್ತುವಿನ ಅಂಚಿಗೆ ನಿಂತರೆ ವಸ್ತು ಉಳಿಯುತ್ತದೆ. ಅಂಚು ದಾಟಿದರೆ ವಸ್ತು ಇಲ್ಲ.

ಇದನ್ನು ಅವರು ಬೇರೆಯವರ ಕೈಯಲ್ಲೇ ಮಾಡಿಸಿ ತೋರಿಸಿದ್ದೂ ಇದೆ. 2002ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ, ಕ್ವೀನ್ಸ್‌ಲ್ಯಾಂಡ್ ಆರ್ಟ್ ಗ್ಯಾಲರಿಯಲ್ಲಿ, ಮಕ್ಕಳಿಗೆಂದು ಒಂದು ಕೋಣೆ ಮಾಡಿದರು. ಸಾಮಾನ್ಯ ಮನೆಯ ಕೋಣೆ. ಸೋಫಾ, ಮೇಜು, ಕುರ್ಚಿ, ದೀಪ, ತಟ್ಟೆ, ಲೋಟ. ಎಲ್ಲದಕ್ಕೂ, ಗೋಡೆ ನೆಲಕ್ಕೂ ಬಿಳಿ ಬಣ್ಣ. ಬಾಗಿಲಲ್ಲಿ ಮಕ್ಕಳ ಕೈಗೆ ಬಣ್ಣಬಣ್ಣದ ಚುಕ್ಕಿ ಸ್ಟಿಕರ್ ಹಾಳೆ ಕೊಡುತ್ತಾರೆ. ಎಲ್ಲಿ ಬೇಕಾದರೂ ಅಂಟಿಸಿ. ಮೊದಲ ದಿನ ಬಿಳಿ ಕೋಣೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ. ವಾರಗಳು ಕಳೆದಂತೆ ಸೋಫಾ ಎಲ್ಲಿ, ಗೋಡೆ ಎಲ್ಲಿ ಎಂದು ಹುಡುಕುವ ಹಾಗಾಗುತ್ತದೆ. ಮಕ್ಕಳು ಕುರ್ಚಿಯ ಆಕಾರ ನೋಡಿ ದೊಡ್ಡದು ಸಣ್ಣದು ಎಂದು ಆರಿಸಿ ಅಂಟಿಸುವುದಿಲ್ಲ. ಕೈಗೆ ಬಂದದ್ದು, ಕೈ ಹೋದ ಕಡೆ. ಕಾಡಿನಲ್ಲಿ ಚಿರತೆಯ ಮಚ್ಚೆ ಮಾಡುವ ಕೆಲಸ ಅಲ್ಲಿ ಸ್ಟಿಕರ್ ಮಾಡುತ್ತದೆ. ಮೈಯ ಅಂಚನ್ನು ಒಡೆದು ಹಾಕುತ್ತದೆ. ಆ ಕೆಲಸಕ್ಕೆ ಇಟ್ಟ ಹೆಸರೇ 'ಅಳಿಸಿಹಾಕುವ ಕೋಣೆ' ಎಂಬ ಅರ್ಥದ್ದು.

ನಿಮ್ಮ ಹಾಳೆಯಲ್ಲಿ ಜಾಗ ಉಳಿದಿದ್ದರೆ ಮೂರನೆಯ ಕುಂಬಳಕಾಯಿ ಬರೆದು ನೋಡಿ. ಈ ಸಲ ಪೆನ್ಸಿಲ್‌ನಲ್ಲಿ ತೆಳ್ಳಗೆ. ಚುಕ್ಕಿಗಳನ್ನು ಗೆರೆಯ ಒಳಗೆ, ಹೊರಗೆ, ಗೆರೆಯ ಮೇಲೆ, ಅಳತೆ ನೋಡದೆ ಹಾಕಿ. ಆಮೇಲೆ ಗೆರೆ ಅಳಿಸಿ. ಕಾಯಿ ಹುಡುಕಿಕೊಡಿ ಅಂದರೆ ನಿಮಗೂ ಆಗುವುದಿಲ್ಲ.

ವಸ್ತುವಿನ ಮೇಲೆ ವಿನ್ಯಾಸ ಇಡುವುದು ಒಂದು. ವಸ್ತುವನ್ನೇ ವಿನ್ಯಾಸ ಮಾಡುವುದು ಇನ್ನೊಂದು. ಅದನ್ನೂ ಮಾಡಿದ್ದಾರೆ. 1962ರಲ್ಲಿ ಒಂದು ಹಳೆಯ ಕೈಕುರ್ಚಿಗೆ ಬಟ್ಟೆಯಲ್ಲಿ ಹೊಲಿದು ಹತ್ತಿ ತುಂಬಿದ ಲಿಂಗಾಕಾರಗಳನ್ನು ಮೈತುಂಬ ಹೊಲಿದು ಬಿಳಿ ಬಣ್ಣ ಬಳಿದರು. ಹದಿಹರೆಯದಲ್ಲಿ ಯುದ್ಧಕಾಲದ ಪ್ಯಾರಾಚೂಟ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡಿದವರು, ಸೂಜಿ ಹೊಸದಲ್ಲ. ಆ ಕುರ್ಚಿ ಈಗ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಮರುವರ್ಷ ಒಂದು ದೋಣಿಗೂ ಹಾಗೇ ಮಾಡಿ, ಆ ದೋಣಿಯ ಫೋಟೊವನ್ನು 999 ಸಲ ಅಚ್ಚು ಹಾಕಿಸಿ ಕೋಣೆಯ ಗೋಡೆ, ಸೂರಿಗೆಲ್ಲ ಅಂಟಿಸಿದರು. ನಡುವೆ ನಿಜವಾದ ದೋಣಿ. ಸಾವಿರಕ್ಕೆ ಒಂದು. ಅಮೆರಿಕದ ಪಾಪ್ ಕಲಾವಿದ ಆಂಡಿ ವಾರ್‌ಹೋಲ್ 1966ರಲ್ಲಿ ಹಸುವಿನ ತಲೆಯನ್ನು ಗೋಡೆಕಾಗದ ಮಾಡಿ ಹೆಸರಾದಾಗ, ಇದು ತನ್ನ ಉಪಾಯ ಎಂದು ಕುಸಾಮಾ ಮುನಿಸಿಕೊಂಡರು. ವರ್ಷಗಳನ್ನು ನೋಡಿದರೆ ಮುನಿಸಿಗೆ ಕಾರಣ ಇದೆ. 1965ರಲ್ಲಿ ಕನ್ನಡಿ ಕೋಣೆ ಕಟ್ಟಿದ ಮೇಲೆ ಸಾವಿರ ಸಲ ಹೊಲಿಯುವ ಕೆಲಸವನ್ನು ಕನ್ನಡಿಯೇ ವಹಿಸಿಕೊಂಡಿತು. ಈಗ ಜನ ಸರದಿಯಲ್ಲಿ ನಿಂತು ಸೆಲ್ಫಿ ತೆಗೆಯುವುದು ಅಂಥ ಕೋಣೆಗಳಲ್ಲೇ. ನನಗೆ ಅವು ಸ್ವಲ್ಪ ಸುಲಭ ಅನ್ನಿಸುತ್ತವೆ. ಕನ್ನಡಿಗೆ ಕೈ ನೋಯುವುದಿಲ್ಲ.

ಕೈಯ ಮಾತು ಬಂತು. ಅವರ ಚಿತ್ರದ ಚುಕ್ಕಿಗಳನ್ನು ದೊಡ್ಡದು ಮಾಡಿ ನೋಡಿದರೆ ಯಾವುದೂ ಪೂರ್ತಿ ದುಂಡಗಿಲ್ಲ. ಒಂದು ಎಡಕ್ಕೆ ವಾಲಿದೆ, ಒಂದರ ಅಂಚು ಸ್ವಲ್ಪ ಹರಡಿದೆ. ಬಲೆಯ ಒಂದು ಮೂಲೆಯಲ್ಲಿ ಎಳೆ ಬಿಗಿ, ಇನ್ನೊಂದರಲ್ಲಿ ಸಡಿಲ. ಬಲೆ ನೇಯುವಾಗ ಊಟ ನಿದ್ದೆ ಬಿಟ್ಟು ನಲವತ್ತು ಐವತ್ತು ಗಂಟೆ ಒಂದೇ ಸಮನೆ ಕೂತದ್ದಿದೆ ಎಂದು ಹೇಳಿಕೊಂಡಿದ್ದಾರೆ. ಸುಸ್ತಾದ ಕೈ ಬೇರೆ, ಚುರುಕಾದ ಕೈ ಬೇರೆ. ಅದೆಲ್ಲ ಬಲೆಯಲ್ಲಿ ಕಾಣುತ್ತದೆ. 2012ರಲ್ಲೂ 2023ರಲ್ಲೂ ಲೂಯಿ ವಿಟಾನ್ ಕಂಪನಿ ಈ ಚುಕ್ಕಿಗಳನ್ನು ತನ್ನ ಕೈಚೀಲಗಳ ಮೇಲೆ ತಂದಿತು. ಚಿತ್ರದೊಳಗೆ ಹೋಗಿದ್ದ ದಿನಬಳಕೆಯ ಸಾಮಾನು ಚಿತ್ರದಿಂದ ಹೊರಗೆ ಬಂದು ಮತ್ತೆ ಸಾಮಾನಾಯಿತು. ಬೆಲೆ ಮಾತ್ರ ದಿನಬಳಕೆಯದ್ದಲ್ಲ.

ಕಾಯಿಲೆಯ ಬಗ್ಗೆಯೂ ಒಂದು ಮಾತು. 1977ರಿಂದ ಕುಸಾಮಾ ತಮ್ಮ ಇಷ್ಟದಿಂದಲೇ ಟೋಕಿಯೊದ ಒಂದು ಮಾನಸಿಕ ಆಸ್ಪತ್ರೆಯಲ್ಲಿ ವಾಸ ಮಾಡತೊಡಗಿದರು. ಹತ್ತಿರದಲ್ಲೇ ಸ್ಟುಡಿಯೊ ಇಟ್ಟುಕೊಂಡು ದಿನಾ ಹೋಗಿ ಕೆಲಸ ಮಾಡಿ ವಾಪಸ್ ಬರುವ ಕ್ರಮ. 80 ದಾಟಿದ ಮೇಲೆ, 2009ರಲ್ಲಿ ಶುರು ಮಾಡಿದ ಒಂದೇ ಸರಣಿಯಲ್ಲಿ ನೂರಾರು ಚಿತ್ರ ಬರೆದರು. ಕ್ಯಾನ್ವಾಸನ್ನು ಮೇಜಿನಂತೆ ಅಡ್ಡ ಮಲಗಿಸಿ ಸುತ್ತ ತಿರುಗಿ ಬರೆಯುವ ರೀತಿ, ಹಾಗಾಗಿ ಬರೆಯುವಾಗ ಮೇಲು ಕೆಳಗು ಅನ್ನುವುದೇ ಇಲ್ಲ. ಇದನ್ನು ಹುಚ್ಚು ಮತ್ತು ಪ್ರತಿಭೆಯ ಕತೆ ಮಾಡಿ ಮಾರುವವರು ಜಾಸ್ತಿ. ನನಗೆ ಕಾಣುವುದು ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವ ಒಬ್ಬ ಕಸುಬುದಾರೆ. ಉಬ್ಬಿನ ನೆತ್ತಿಗೆ ದೊಡ್ಡ ಚುಕ್ಕಿ, ತಗ್ಗಿಗೆ ಸಣ್ಣದು ಎಂದು ಲೆಕ್ಕ ಇಡುವುದು ಭ್ರಮೆಯಿಂದ ಆಗುವ ಕೆಲಸ ಅಲ್ಲ.

ಜಪಾನಿನ ನಾವೊಶಿಮಾ ದ್ವೀಪದಲ್ಲಿ, ಸಮುದ್ರಕ್ಕೆ ಚಾಚಿದ ಒಂದು ಹಳೆಯ ಕಟ್ಟೆಯ ತುದಿಯಲ್ಲಿ 1994ರಲ್ಲಿ ಹಳದಿ ಕುಂಬಳಕಾಯಿಯೊಂದನ್ನು ಕೂರಿಸಿದರು. ಎರಡು ಮೀಟರ್ ಎತ್ತರ, ಎರಡೂವರೆ ಮೀಟರ್ ಅಗಲ. ಅದರ ಹಿಂದೆ ಬಲೆ ಇಲ್ಲ, ನೀರಿದೆ. ಬಿರುಗಾಳಿಯ ಮುನ್ಸೂಚನೆ ಬಂದಾಗಲೆಲ್ಲ ಅದನ್ನು ಎತ್ತಿ ಒಳಗಿಡುವುದು ರೂಢಿ. 2021ರ ಆಗಸ್ಟ್‌ನಲ್ಲಿ ಅಷ್ಟು ಸಮಯ ಸಿಗಲಿಲ್ಲ. ಅಲೆಗಳು ಅದನ್ನು ಕಟ್ಟೆಯಿಂದ ಕಿತ್ತು ನೀರಿಗೆ ಎಳೆದವು. ಆ ವಿಡಿಯೊ ಜಗತ್ತೆಲ್ಲ ಓಡಾಡಿತು. 2022ರ ಅಕ್ಟೋಬರ್‌ನಲ್ಲಿ ಅದೇ ಜಾಗಕ್ಕೆ ಹೊಸ ಕಾಯಿ ಬಂದು ಕೂತಿತು. ಹಳೆಯ ವಿಡಿಯೊ ಸಿಕ್ಕರೆ ಇನ್ನೊಮ್ಮೆ ನೋಡಿ. ಬೂದು ಬಣ್ಣದ ನೀರಿನಲ್ಲಿ ಕಾಯಿ ಹೊರಳುತ್ತಿದೆ, ಬಿಸಿಲಿಲ್ಲ, ನೆರಳಿಲ್ಲ. ಆದರೂ ಅದರ ಹೊಟ್ಟೆ ಯಾವ ಕಡೆ ತಿರುಗಿದೆ ಎಂದು ಚುಕ್ಕಿಗಳ ಸಾಲು ನೋಡಿಯೇ ಹೇಳಬಹುದು.